ಸಿಲಿಂಡರ್ ನಂಬರಿನ ಹುಟ್ಟು

ಚೆಟ್ಟಳ್ಳಿಯ ಕಾಫಿ ಕಣದಲ್ಲಿ ಕಪ್ಪು ಬೀಜ, ಒಡಕು ಬೀಜ ಹೆಕ್ಕುವವರಿಗೆ ಕಣ್ಣು ನಿಚ್ಚಳವಾಗಿರಬೇಕು. ಮಸುಕಾಯಿತೆಂದು ಮಡಿಕೇರಿಗೋ ಸಿದ್ದಾಪುರಕ್ಕೋ ಹೋಗಿ ತೋರಿಸಿದರೆ ಚೀಟಿಯಲ್ಲಿ ಪವರ್ ಪಕ್ಕದಲ್ಲಿ ‘ಸಿಲಿಂಡರ್’ ಎಂಬ ಇನ್ನೊಂದು ನಂಬರೂ ಇರಬಹುದು. ಅಸ್ಟಿಗ್ಮಾಟಿಸಂ ಎಂಬ ದೋಷದ ಅಳತೆ ಅದು. ಮೊಬೈಲ್ ನೋಡಿ ಬಂತು, ಮಬ್ಬು ಬೆಳಕಲ್ಲಿ ಓದಿ ಬಂತು ಎನ್ನುವವರಿದ್ದಾರೆ. ಅದರಿಂದ ಕಣ್ಣು ದಣಿಯುವುದು ನಿಜ, ಆದರೆ ಈ ದೋಷ ಇರುವುದು ಆಕಾರದಲ್ಲಿ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಚೆಂಡಿನಂತೆ ಸಮನಾಗಿ ಬಾಗದೆ, ಮೊಟ್ಟೆಯ ಮಗ್ಗುಲಿನಂತೆ ಒಂದು ದಿಕ್ಕಿಗೆ ಹೆಚ್ಚು ಬಾಗಿದ್ದರೆ ಬೆಳಕು ಒಂದೇ ಬಿಂದುವಿಗೆ ಬಂದು ಸೇರುವುದಿಲ್ಲ. ಹಲವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಕೆಲವರಿಗೆ ಕಣ್ಣನ್ನು ಬಲವಾಗಿ ಉಜ್ಜುವ ಚಾಳಿಯೂ ಕಾರ್ನಿಯಾ ಮೊನಚಾಗಲು ದಾರಿಮಾಡುತ್ತದೆ.

ಇಷ್ಟು ತಿಳಿಯಲು ಬಹಳ ಕಾಲ ಹಿಡಿಯಿತು. 1801ರಲ್ಲಿ ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್ ತನ್ನ ಕಣ್ಣಿನಲ್ಲೇ ಈ ದೋಷ ಕಂಡ. ನೀರು ತುಂಬಿದ, ತುದಿಯಲ್ಲಿ ಮಸೂರವಿದ್ದ ನಳಿಕೆಯನ್ನು ಕಣ್ಣಿಗೆ ಒತ್ತಿಕೊಂಡು ಕಾರ್ನಿಯಾದ ಪ್ರಭಾವವನ್ನೇ ಅಳಿಸಿ ನೋಡಿದ. ದೋಷ ಹಾಗೇ ಉಳಿಯಿತು. ಹಾಗಾಗಿ ತಪ್ಪು ಒಳಗಿನ ಮಸೂರದ್ದೆಂದು ತೀರ್ಮಾನಿಸಿದ. ಅವನ ಕಣ್ಣಿನ ಮಟ್ಟಿಗೆ ಸರಿಯೇ, ಎಲ್ಲರ ಕಣ್ಣಿಗಲ್ಲ. 1825ರಲ್ಲಿ ಖಗೋಳ ವಿಜ್ಞಾನಿ ಜಾರ್ಜ್ ಏರಿ ತನ್ನ ಎಡಗಣ್ಣಿಗಾಗಿ ಇಂಗ್ಲೆಂಡಿನ ಇಪ್ಸ್‌ವಿಚ್‌ನ ಕನ್ನಡಕದವನಿಂದ ಸಿಲಿಂಡರ್ ಆಕಾರದ ಗಾಜು ತಿಕ್ಕಿಸಿಕೊಂಡ. ಕಾರ್ನಿಯಾವೇ ಮುಖ್ಯ ಕಾರಣವೆಂದು 1860ರ ದಶಕದಲ್ಲಿ ಅಳೆದು ತೋರಿಸಿದವನು ಡಚ್ ವೈದ್ಯ ಡಾಂಡರ್ಸ್.

ಕಾರಣ ಆಕಾರವಾದರೆ, ಆಕಾರ ಕೆಡಿಸುವ ಕತ್ತಿಯೂ ಕಾರಣವೇ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹೂಡಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಎಲ್ಲ ಕಡೆಯೂ ಆ ಶಸ್ತ್ರಚಿಕಿತ್ಸೆಗೆ ಸುಮಾರು 10 ಮಿಲಿಮೀಟರ್ ಸೀಳು ಬೇಕಿತ್ತು. ಹೊಲಿಗೆ ಬಿಗಿಯಾದರೆ ಕಾರ್ನಿಯಾ ಆ ದಿಕ್ಕಿಗೆ ಉಬ್ಬುತ್ತದೆ, ಗಾಯ ಸಡಿಲಾದರೆ ಚಪ್ಪಟೆಯಾಗುತ್ತದೆ. ಕೂದಲಿಗಿಂತ ತೆಳುವಾದ ನೂಲಿನ ಬಿಗಿಯನ್ನು ಬೆರಳು ಸರಿಯಾಗಿ ಗ್ರಹಿಸಲಾರದು. ಇದಕ್ಕೆ ದಾರಿಯೊಂದು ಸಿಕ್ಕಿತು, ಹೊಲಿಗೆಯನ್ನೇ ಬಿಟ್ಟುಬಿಡುವುದು. 1967ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಕೆಲ್ಮನ್ ತಂದ, ಪೊರೆ ತೆಗೆಯುವ ಫೇಕೊ ವಿಧಾನದಲ್ಲಿ ಸೀಳು ಕ್ರಮೇಣ 3 ಮಿಲಿಮೀಟರ್‌ಗೂ ಕಡಿಮೆಯಾಯಿತು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ, 6-7 ಮಿಲಿಮೀಟರಿನ ಅಗ್ಗದ ವಿಧಾನಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಡ.

ಕೈಹಿಡಿದು ನಡೆಸಬೇಕಿದ್ದವರು ತಾವೇ ನಡೆದರಲ್ಲ, ಸ್ವಲ್ಪ ಮಸುಕು ಉಳಿದರೇನು ಎಂದು ಕೇಳಬಹುದು. ಆ ಶಿಬಿರಗಳ ಋಣ ದೊಡ್ಡದು, ನಿಜ. ಆದರೆ ಎಲ್ಲರಿಗೂ ಒಂದೇ ಪವರಿನ ಸೋಡಾಬುಡ್ಡಿ ಕನ್ನಡಕ ಹಂಚುತ್ತಿದ್ದ ಕಾಲ ಮುಗಿದಿದೆ. ಗಾಯ ಮಾಗಿದ ಮೇಲೆ ಕೊಡುವ ಚೀಟಿಯಲ್ಲಿ ಸಿಲಿಂಡರ್ ಖಾನೆ ಖಾಲಿಯಿದ್ದರೆ, ಅಳೆದು ಖಾಲಿ ಬಿಟ್ಟದ್ದೋ ಅಳೆಯದೆಯೋ ಎಂದು ಕೇಳಬೇಕು.