ವಾರಸುದಾರರನ್ನು ಕಾಯುತ್ತಿರುವ ಹಣ

ಕಷ್ಟಪಟ್ಟು ಗಳಿಸಿದ ಹಣವನ್ನು ಯಾರಾದರೂ ಮರೆಯುವುದುಂಟೆ ಎಂದು ಕೇಳಿದವರು ಆಶ್ಚರ್ಯಪಡಬಹುದು. ಕಾಸಿಗೆ ಕಾಸು ಕೂಡಿಸಿ ಸಂಸಾರ ಸಾಗಿಸುವ ನಮ್ಮ ಜನರಲ್ಲಿ ಇದು ಅಸಂಭವವೆಂದೇ ತೋರುತ್ತದೆ. ಆದರೆ ಲೆಕ್ಕದ ಪುಸ್ತಕಗಳು ಬೇರೆ ಮಾತನ್ನು ಹೇಳುತ್ತವೆ. ನಮ್ಮ ದೇಶದ ಬ್ಯಾಂಕುಗಳಲ್ಲಿ ಬಹುಕಾಲ ಯಾರೂ ಕೇಳದೆ ಉಳಿದು, ರಿಜರ್ವ್ ಬ್ಯಾಂಕಿನ ವಶದಲ್ಲಿರುವ ಒಂದು ವಿಶೇಷ ನಿಧಿಗೆ ಸೇರಿದ ಮೊತ್ತವು ೨೦೨೪ನೆಯ ಇಸವಿ ಮಾರ್ಚ್ ತಿಂಗಳ ಕೊನೆಗೆ ೭೮,೨೧೩ ಕೋಟಿ ರೂಪಾಯಿಗಳಾಗಿದ್ದಿತು. ಇದು ಯಾವ ಒಬ್ಬ ಧನಿಕನ ಐಶ್ವರ್ಯವೂ ಅಲ್ಲ. ಅಸಂಖ್ಯಾತ ಲೆಕ್ಕಗಳಲ್ಲಿ ಉಳಿದುಹೋದ ಸಣ್ಣ ದೊಡ್ಡ ಬಾಕಿಗಳು ಕೂಡಿ ಆದ ರಾಶಿ. ಈ ಹಣವು ಎಲ್ಲಿರುತ್ತದೆ, ಅದನ್ನು ಹುಡುಕುವ ಬಗೆ ಯಾವುದು, ಹಿಂದಕ್ಕೆ ಪಡೆಯುವ ಕ್ರಮವೇನು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸುವೆವು.

ಮರೆವು ಹೇಗೆ ಸಂಭವಿಸುತ್ತದೆ ಎಂಬುದನ್ನು ಮೊದಲು ವಿಚಾರಿಸೋಣ. ನೌಕರಿಯ ನಿಮಿತ್ತ ಊರಿಂದೂರಿಗೆ ವರ್ಗವಾಗುವವರು ಹಳೆಯ ಊರಿನ ಬ್ಯಾಂಕಿನಲ್ಲಿ ಅಷ್ಟಿಷ್ಟು ಬಾಕಿಯನ್ನು ಬಿಟ್ಟುಹೋಗುತ್ತಾರೆ. ಮೊಮ್ಮಗಳ ಹೆಸರಿನಲ್ಲಿ ತಾತನು ಇಟ್ಟ ಠೇವಣಿಯ ಸಂಗತಿಯು, ಅವಳು ಮದುವೆಯಾಗಿ ಬೇರೆ ಮನೆಯನ್ನು ಸೇರುವ ವೇಳೆಗೆ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಮನೆ ಬದಲಾಯಿಸಿದವರು ವಿಳಾಸವನ್ನು ತಿಳಿಸದಿದ್ದರೆ ಬ್ಯಾಂಕಿನ ಕಾಗದಗಳು ಬಂದ ದಾರಿಯಲ್ಲಿಯೇ ಹಿಂದಿರುಗುತ್ತವೆ. ಎಲ್ಲಕ್ಕಿಂತ ಶೋಚನೀಯವಾದ ಕಾರಣ ಇನ್ನೊಂದಿದೆ. ಹಣದ ವಿಷಯವನ್ನು ಹೆಂಡತಿ ಮಕ್ಕಳಿಗೆ ಹೇಳದಿರುವುದೇ ಜಾಣತನವೆಂದು ನಂಬಿದ ಯಜಮಾನನು ಅಕಸ್ಮಾತ್ತಾಗಿ ಕಾಲವಾದರೆ, ಅವನ ಗುಟ್ಟು ಅವನೊಡನೆಯೇ ಹೋಗುತ್ತದೆ. ಆ ವಿಧವೆಯು ಮಗನ ಓದಿಗಾಗಿ ಸಾಲಕ್ಕೆ ಕೈಯೊಡ್ಡುತ್ತಿರುವಾಗ, ಅವಳಿಗೆ ಸೇರತಕ್ಕ ಹಣವು ಎರಡು ಬೀದಿಗಳಾಚೆಯ ಕಟ್ಟಡದಲ್ಲಿ ನಿದ್ರಿಸುತ್ತಿರಬಹುದು. ಅಲ್ಲಿ ನಷ್ಟವಾದದ್ದು ಹಣವಲ್ಲ, ಹಣವಿದೆಯೆಂಬ ತಿಳಿವಳಿಕೆ.

ಒಡೆಯನಿಲ್ಲದ ದ್ರವ್ಯವನ್ನು ಏನು ಮಾಡಬೇಕೆಂಬ ಪ್ರಶ್ನೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿದ್ದ ಓಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಳೆದುಹೋಗಿ ಸಿಕ್ಕಿದ ವಸ್ತುವಿಗೆ ಮೂರು ಪಕ್ಷಗಳವರೆಗೆ ಯಾರೂ ಬಾರದಿದ್ದರೆ ಅದು ರಾಜನಿಗೆ ಸೇರತಕ್ಕದ್ದೆಂದು ವಿಧಿಸಿದೆ. ಮನುಸ್ಮೃತಿಯು ಇಷ್ಟು ಆತುರಪಡದೆ ಮೂರು ವರ್ಷಗಳ ಅವಧಿಯನ್ನು ಕೊಡುತ್ತದೆ. ‘ಇದು ನನ್ನದು’ ಎಂದು ಬಂದವನು ವಸ್ತುವಿನ ರೂಪ, ಸಂಖ್ಯೆ ಮುಂತಾದವನ್ನು ಸರಿಯಾಗಿ ಹೇಳಿ ತನ್ನ ಹಕ್ಕನ್ನು ತೋರಿಸಬೇಕೆಂದೂ ಅದು ಹೇಳುತ್ತದೆ. ಈಗಿನ ಕಾನೂನು ಗುರುತಿನ ವಿಷಯದಲ್ಲಿ ಹಳೆಯ ನಿಯಮವನ್ನೇ ಅನುಸರಿಸಿ, ಕಾಲದ ವಿಷಯದಲ್ಲಿ ಅದಕ್ಕಿಂತ ಬಹಳ ಉದಾರವಾಗಿದೆ.

ಬ್ಯಾಂಕಿನ ವ್ಯವಸ್ಥೆ ಹೀಗಿದೆ. ಉಳಿತಾಯದ ಅಥವಾ ಚಾಲ್ತಿ ಲೆಕ್ಕದಲ್ಲಿ ಒಡೆಯನು ಎರಡು ವರ್ಷಗಳಿಗೂ ಮೀರಿ ಹಣ ಹಾಕದೆ, ತೆಗೆಯದೆ ಇದ್ದರೆ ಅದನ್ನು ನಿಷ್ಕ್ರಿಯ ಲೆಕ್ಕವೆಂದು ಗಣಿಸುತ್ತಾರೆ. ಬ್ಯಾಂಕು ತಾನಾಗಿ ಬಡ್ಡಿಯನ್ನು ಜಮಾ ಮಾಡುವುದು ಒಡೆಯನ ವ್ಯವಹಾರವೆನಿಸುವುದಿಲ್ಲ. ಹತ್ತು ವರ್ಷಗಳಾದರೂ ಲೆಕ್ಕ ಚಲಿಸದಿದ್ದರೆ, ಅಥವಾ ವಾಯಿದೆ ಠೇವಣಿಯ ಅವಧಿ ಮುಗಿದು ಹತ್ತು ವರ್ಷಗಳಾದರೂ ಯಾರೂ ಕೇಳದಿದ್ದರೆ, ಆ ಹಣವನ್ನು ‘ಠೇವಣಿದಾರರ ಶಿಕ್ಷಣ ಮತ್ತು ಅರಿವಿನ ನಿಧಿ’ಗೆ ವರ್ಗಾಯಿಸಬೇಕು. ೧೯೪೯ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ ಮಾಡಿದ ತಿದ್ದುಪಡಿಯಂತೆ ರಿಜರ್ವ್ ಬ್ಯಾಂಕು ಈ ನಿಧಿಯನ್ನು ೨೦೧೪ರಲ್ಲಿ ಸ್ಥಾಪಿಸಿತು. ಇಲ್ಲಿ ಗಮನಿಸತಕ್ಕ ಮುಖ್ಯಾಂಶವೆಂದರೆ, ಹಣ ನಿಧಿಗೆ ಹೋದ ಮಾತ್ರಕ್ಕೆ ಒಡೆಯನ ಹಕ್ಕು ಹೋಗುವುದಿಲ್ಲ. ಅವನಾಗಲಿ ಅವನ ವಾರಸುದಾರರಾಗಲಿ ಎಷ್ಟು ವರ್ಷಗಳ ತರುವಾಯ ಬಂದರೂ, ಹಕ್ಕು ಸ್ಥಿರಪಟ್ಟರೆ ಬ್ಯಾಂಕು ಹಣವನ್ನು ಕೊಟ್ಟು, ಅನಂತರ ನಿಧಿಯಿಂದ ತಾನು ತುಂಬಿಸಿಕೊಳ್ಳತಕ್ಕದ್ದು. ಬಡ್ಡಿ ಬರುವ ಲೆಕ್ಕವಾಗಿದ್ದರೆ ನಿಧಿಯಲ್ಲಿದ್ದ ಕಾಲಕ್ಕೂ ಗೊತ್ತಾದ ದರದಲ್ಲಿ ಬಡ್ಡಿ ಸಲ್ಲುತ್ತದೆ.

ಕನ್ನಡನಾಡಿನವರಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ತೊಡಕುಂಟು. ನಮ್ಮ ಹಿರಿಯರು ಹಣವಿಟ್ಟ ಬ್ಯಾಂಕುಗಳಲ್ಲಿ ಹಲವು ಈಗ ಹಳೆಯ ಹೆಸರಿನಲ್ಲಿ ಇಲ್ಲ. ೧೯೧೩ರಲ್ಲಿ ಆರಂಭವಾದ ಮೈಸೂರು ಬ್ಯಾಂಕು ೧೯೬೦ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, ೨೦೧೭ರ ಏಪ್ರಿಲ್ ೧ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ವೈಶ್ಯ ಬ್ಯಾಂಕು ಐ.ಎನ್.ಜಿ. ವೈಶ್ಯವೆಂದಾಗಿ, ೨೦೧೫ರಲ್ಲಿ ಕೋಟಕ್ ಮಹೀಂದ್ರ ಬ್ಯಾಂಕನ್ನು ಸೇರಿತು. ಮಂಗಳೂರಿನಲ್ಲಿ ೧೯೩೧ರಲ್ಲಿ ಸ್ಥಾಪಿತವಾದ ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆಯೂ, ಉಡುಪಿಯಲ್ಲಿ ೧೯೦೬ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ೨೦೨೦ರಲ್ಲಿ ಯೂನಿಯನ್ ಬ್ಯಾಂಕಿನೊಡನೆಯೂ, ಅದೇ ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ ಪಿಗ್ಮಿ ಠೇವಣಿಯಿಂದ ಮನೆಮನೆಗೂ ಪರಿಚಿತವಾದ ಸಿಂಡಿಕೇಟ್ ಬ್ಯಾಂಕು ಆ ವರ್ಷವೇ ಕೆನರಾ ಬ್ಯಾಂಕಿನೊಡನೆಯೂ ವಿಲೀನವಾದುವು. ಪೆಟ್ಟಿಗೆಯ ತಳದಲ್ಲಿ ಇಂಥ ಹಳೆಯ ಪಾಸುಪುಸ್ತಕ ಸಿಕ್ಕಿದವರು, ಬ್ಯಾಂಕೇ ಇಲ್ಲವೆಂದ ಮೇಲೆ ಹಣವೆಲ್ಲಿಯದು ಎಂದು ಅದನ್ನು ರದ್ದಿಗೆ ಹಾಕಬಾರದು. ಹೆಸರು ಅಳಿದರೂ ಋಣ ಅಳಿಯುವುದಿಲ್ಲ. ವಿಲೀನ ಮಾಡಿಕೊಂಡ ಬ್ಯಾಂಕು ಹಳೆಯ ಬ್ಯಾಂಕಿನ ಹೊಣೆಯನ್ನೂ ಹೊತ್ತುಕೊಂಡಿರುತ್ತದೆ.

ಪಾಸುಪುಸ್ತಕವೇ ಇಲ್ಲದಿದ್ದರೆ ಹುಡುಕುವುದು ಹೇಗೆ? ಇದಕ್ಕಾಗಿ ರಿಜರ್ವ್ ಬ್ಯಾಂಕು ೨೦೨೩ರ ಆಗಸ್ಟ್ ೧೭ರಂದು ‘ಉದ್ಗಮ್’ ಎಂಬ ಅಂತರ್ಜಾಲದ ಶೋಧನ ತಾಣವನ್ನು ತೆರೆಯಿತು. ಮೊದಲು ಏಳು ಬ್ಯಾಂಕುಗಳ ಮಾಹಿತಿಯಿದ್ದ ಈ ತಾಣದಲ್ಲಿ ೨೦೨೪ರ ಮಾರ್ಚ್ ವೇಳೆಗೆ ಮೂವತ್ತು ಬ್ಯಾಂಕುಗಳು ಸೇರಿದ್ದುವು. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿಕೊಂಡು, ಲೆಕ್ಕದ ಒಡೆಯನ ಹೆಸರಿನೊಡನೆ ಪ್ಯಾನ್ ಸಂಖ್ಯೆ, ಮತದಾರರ ಚೀಟಿಯ ಸಂಖ್ಯೆ, ಜನ್ಮದಿನಾಂಕ ಮೊದಲಾದವುಗಳಲ್ಲಿ ಒಂದನ್ನು ಕೊಟ್ಟು ಹುಡುಕಬಹುದು. ಅಂತರ್ಜಾಲದ ಅಭ್ಯಾಸವಿಲ್ಲದವರು ಮನೆಯ ವಿದ್ಯಾರ್ಥಿಗಳ ನೆರವನ್ನು ಪಡೆಯಬಹುದು. ಬ್ಯಾಂಕಿನ ಶಾಖೆಯಲ್ಲಿಯೂ ವಿಚಾರಿಸಬಹುದು.

ಹೆಸರಿನ ಕಾಗುಣಿತದಲ್ಲಿ ತಾಳ್ಮೆ ಅಗತ್ಯ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ಗುಮಾಸ್ತರಿಂದ ಗುಮಾಸ್ತರಿಗೆ ಬೇರೆಯಾಗುತ್ತದೆ. ‘ಲಕ್ಷ್ಮಮ್ಮ’ನ ‘ಕ್ಷ’ಕ್ಕೆ ಒಬ್ಬರು ಎಕ್ಸ್ ಎಂಬ ಒಂದೇ ಅಕ್ಷರವನ್ನು ಹಾಕಿದರೆ, ಮತ್ತೊಬ್ಬರು ಕೆ, ಎಸ್, ಎಚ್ ಎಂದು ಮೂರನ್ನು ಹಾಕುತ್ತಾರೆ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಒಂದು ಕಡೆ ಹೆಸರಿನ ಮುಂದೆಯೂ, ಇನ್ನೊಂದು ಕಡೆ ಹಿಂದೆಯೂ, ಮತ್ತೊಂದು ಕಡೆ ಬಿಡಿಸಿ ಬರೆದೂ ಇರುತ್ತವೆ. ಸ್ತ್ರೀಯರ ವಿಷಯದಲ್ಲಿ ಮದುವೆಗೆ ಹಿಂದಿನ ಹೆಸರನ್ನೂ ನೋಡಬೇಕು. ಒಂದು ಬಗೆಯಲ್ಲಿ ಹುಡುಕಿ ಇಲ್ಲವೆಂದು ಕೈಬಿಡದೆ, ನಾಲ್ಕಾರು ಬಗೆಗಳಲ್ಲಿ ಪ್ರಯತ್ನಿಸುವುದು ಮೇಲು.

ಈ ತಾಣವು ಹಣವಿರುವ ಬ್ಯಾಂಕನ್ನು ತೋರಿಸುತ್ತದೆಯೇ ಹೊರತು ತಾನು ಹಣವನ್ನು ಕೊಡುವುದಿಲ್ಲ. ಕೇಳಬೇಕಾದದ್ದು ಆ ಬ್ಯಾಂಕಿನಲ್ಲಿಯೇ. ಒಡೆಯನು ಬದುಕಿದ್ದರೆ ಗುರುತಿನ ಮತ್ತು ವಿಳಾಸದ ದಾಖಲೆಗಳನ್ನು ಒಪ್ಪಿಸಿ ಲೆಕ್ಕವನ್ನು ಮತ್ತೆ ಚಾಲನೆಗೆ ತರಬಹುದು. ಇದಕ್ಕೆ ಶುಲ್ಕ ವಿಧಿಸಕೂಡದೆಂದು ರಿಜರ್ವ್ ಬ್ಯಾಂಕಿನ ಆಜ್ಞೆಯಿದೆ. ಒಡೆಯನು ಕಾಲವಾಗಿದ್ದು ನಾಮನಿರ್ದೇಶನ ಮಾಡಿದ್ದರೆ, ಆ ನಾಮಿನಿಯು ಮರಣ ಪ್ರಮಾಣ ಪತ್ರವನ್ನೂ ತನ್ನ ಗುರುತನ್ನೂ ತೋರಿಸಿದರೆ ಸಾಕು. ನಾಮನಿರ್ದೇಶನವಿಲ್ಲದಿದ್ದರೂ ವಾರಸುದಾರರಲ್ಲಿ ತಕರಾರಿಲ್ಲದೆ ಇದ್ದರೆ, ಒಂದು ಮಿತಿಯವರೆಗೆ ನ್ಯಾಯಾಲಯಕ್ಕೆ ಹೋಗದೆಯೇ ಹಣವನ್ನು ಪಡೆಯಬಹುದು. ೨೦೨೫ರ ನಿರ್ದೇಶನಗಳಂತೆ ವಾಣಿಜ್ಯ ಬ್ಯಾಂಕುಗಳಲ್ಲಿ ಈ ಮಿತಿ ಹದಿನೈದು ಲಕ್ಷ ರೂಪಾಯಿ. ಬೇಕಾದ ಕಾಗದಗಳೆಲ್ಲ ಸೇರಿದ ಹದಿನೈದು ದಿನಗಳೊಳಗೆ ಬ್ಯಾಂಕು ತೀರ್ಮಾನಿಸತಕ್ಕದ್ದು. ದೂರನ್ನು ಬರೆದುಕೊಟ್ಟು ಮೂವತ್ತು ದಿನಗಳಾದರೂ ಉತ್ತರ ಬಾರದಿದ್ದರೆ, ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಬ್ಯಾಂಕಿನ ಹೊರಗೂ ಇಂಥ ಹಣವುಂಟು. ಜೀವ ವಿಮೆಯ ಹಣವನ್ನು ಹತ್ತು ವರ್ಷಗಳವರೆಗೆ ಯಾರೂ ಕೇಳದಿದ್ದರೆ ಅದು ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅನಂತರ ಇಪ್ಪತ್ತೈದು ವರ್ಷಗಳ ಅವಕಾಶವಿದೆ. ಅದೂ ಕಳೆದರೆ ಹಣ ಸರ್ಕಾರದ್ದಾಗುತ್ತದೆ. ಆದಕಾರಣ ವಿಮೆಯ ವಿಷಯದಲ್ಲಿ ಆಲಸ್ಯ ಸಲ್ಲದು. ೧೯೫೬ಕ್ಕೆ ಹಿಂದಿನ ಖಾಸಗಿ ಜೀವ ವಿಮಾ ಕಂಪೆನಿಗಳ ವ್ಯವಹಾರವೆಲ್ಲ ಆ ವರ್ಷ ಸ್ಥಾಪಿತವಾದ ಜೀವ ವಿಮಾ ನಿಗಮಕ್ಕೆ ಸೇರಿತೆಂಬುದನ್ನು ಹಳೆಯ ಪಾಲಿಸಿಗಳುಳ್ಳವರು ತಿಳಿದಿರಬೇಕು. ಕಂಪೆನಿಗಳ ಷೇರುಗಳ ಮೇಲಿನ ಲಾಭಾಂಶವನ್ನು ಏಳು ವರ್ಷ ಪಡೆಯದಿದ್ದರೆ ಆ ಹಣವೂ, ಎಡೆಬಿಡದೆ ಏಳು ವರ್ಷ ಹಾಗಾದರೆ ಷೇರುಗಳೂ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತವೆ. ಹಿಂದಿನ ಕಾಯಿದೆಯಲ್ಲಿ ಹೀಗೆ ಹೋದದ್ದು ಹಿಂದಿರುಗುತ್ತಿರಲಿಲ್ಲ. ೨೦೧೩ರ ಕಂಪೆನಿ ಕಾಯಿದೆಯು ಅದನ್ನು ಮರಳಿ ಪಡೆಯುವ ಹಕ್ಕನ್ನು ಕೊಟ್ಟಿತು. ಹಲವು ಕಡೆ ನೌಕರಿ ಮಾಡಿದವರು ಹಳೆಯ ಭವಿಷ್ಯನಿಧಿಯ ಲೆಕ್ಕಗಳನ್ನೂ, ಗ್ರಾಮಾಂತರದವರು ಅಂಚೆ ಕಚೇರಿಯ ಉಳಿತಾಯ ಪತ್ರಗಳನ್ನೂ ಪರಿಶೀಲಿಸುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಹಣವಿರುವೆಡೆ ಮಧ್ಯಸ್ಥರು ತಾವಾಗಿ ಹುಟ್ಟಿಕೊಳ್ಳುತ್ತಾರೆ. ‘ನಿಮ್ಮ ಹೆಸರಿನಲ್ಲಿ ದೊಡ್ಡ ಮೊತ್ತವಿದೆ, ಮೊದಲು ಇಷ್ಟು ಕಟ್ಟಿರಿ’ ಎಂದು ದೂರವಾಣಿಯಲ್ಲಿ ಹೇಳುವವನೂ, ಗುಪ್ತ ಸಂಖ್ಯೆಯನ್ನು ಕೇಳುವವನೂ ಮೋಸಗಾರನೆಂದೇ ತಿಳಿಯತಕ್ಕದ್ದು. ನಮ್ಮ ಹಣವನ್ನು ಹುಡುಕುವುದಕ್ಕೆ ಸರ್ಕಾರವಾಗಲಿ ರಿಜರ್ವ್ ಬ್ಯಾಂಕಾಗಲಿ ಕಾಸನ್ನೂ ಕೇಳುವುದಿಲ್ಲ.

ಹೋದದ್ದನ್ನು ಹುಡುಕುವುದಕ್ಕಿಂತ ಹೋಗದಂತೆ ನೋಡಿಕೊಳ್ಳುವುದು ಸುಲಭ. ಪ್ರತಿಯೊಬ್ಬ ಗೃಹಸ್ಥನೂ ತನ್ನ ಲೆಕ್ಕ, ಠೇವಣಿ, ಪಾಲಿಸಿ, ಷೇರು, ಭವಿಷ್ಯನಿಧಿ ಇವುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಅದು ಇರುವ ಸ್ಥಳವನ್ನು ಮನೆಯವರಿಗೆ ತಿಳಿಸಿರಬೇಕು. ಎಲ್ಲ ಲೆಕ್ಕಗಳಿಗೂ ನಾಮನಿರ್ದೇಶನ ಮಾಡಬೇಕು. ೨೦೨೫ರ ನವೆಂಬರ್ ೧ರಿಂದ ಬ್ಯಾಂಕು ಠೇವಣಿಗೆ ನಾಲ್ವರವರೆಗೆ ಹೆಸರಿಸುವ ಅವಕಾಶ ಬಂದಿದೆ. ಆದರೆ ನಾಮಿನಿಯು ಹಣವನ್ನು ಸ್ವೀಕರಿಸುವವನೇ ಹೊರತು ಅದಕ್ಕೆ ಏಕಮಾತ್ರ ಒಡೆಯನಲ್ಲ, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು ಬ್ಯಾಂಕು ಠೇವಣಿಗಳ ವಿಷಯದಲ್ಲಿ ೨೦೧೦ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಆಸ್ತಿಯುಳ್ಳವರು ಉಯಿಲನ್ನೂ ಬರೆದಿಡುವುದು ವಿವೇಕ.

ಮರಣದ ಮಾತನ್ನು ಆಡಬಾರದೆಂಬ ಸಂಕೋಚದಿಂದ ನಮ್ಮ ಮನೆಗಳಲ್ಲಿ ಈ ಪಟ್ಟಿ ಹುಟ್ಟುವುದೇ ಇಲ್ಲ. ಬರೆದ ಮಾತ್ರಕ್ಕೆ ಆಯುಸ್ಸು ಕುಗ್ಗುವುದಿಲ್ಲ. ಬರೆಯದೆ ಹೋದರೆ ಮಾತ್ರ, ಒಬ್ಬನು ಜೀವಮಾನವೆಲ್ಲ ಯಾರಿಗಾಗಿ ಹೊಟ್ಟೆ ಕಟ್ಟಿ ಉಳಿಸಿದನೋ ಅವರ ಕೈಗೇ ಅದು ಸೇರದೆ ಹೋದೀತು.