ಛಾಯಾಚಿತ್ರದ ಪ್ರಾಮಾಣ್ಯವಿಚಾರ

ಚಿತ್ರದಲ್ಲಿ ಬರೆದಿರುವ ಕುದುರೆಯನ್ನು ನೋಡಿ ‘ಇದು ಕುದುರೆ’ ಎಂದು ತಿಳಿಯುವವನ ಜ್ಞಾನವು ಯಾವ ಬಗೆಯದು ಎಂಬುದು ಅಲಂಕಾರಶಾಸ್ತ್ರದಲ್ಲಿ ಪ್ರಸಿದ್ಧವಾದ ಪ್ರಶ್ನೆ. ಶ್ರೀಶಂಕುಕನು ರಸವಿಚಾರದ ಪ್ರಸಂಗದಲ್ಲಿ ಈ ದೃಷ್ಟಾಂತವನ್ನು ತೆಗೆದುಕೊಂಡು, ಆ ಜ್ಞಾನವನ್ನು ಯಥಾರ್ಥವೆನ್ನಲಾಗದು, ಭ್ರಾಂತಿಯೆನ್ನಲಾಗದು, ಸಂಶಯವೆನ್ನಲಾಗದು, ಬರಿಯ ಸಾದೃಶ್ಯಜ್ಞಾನವೆಂದೂ ಹೇಳಲಾಗದು, ಅದು ಇವೆಲ್ಲಕ್ಕಿಂತ ಬೇರೆಯಾದುದು ಎಂದು ಸಾಧಿಸಿದನೆಂಬುದು ಅಭಿನವಗುಪ್ತನ ವ್ಯಾಖ್ಯಾನದಿಂದ ತಿಳಿದುಬರುತ್ತದೆ. ಚಿತ್ರತುರಗನ್ಯಾಯವೆಂಬುದು ಇದೇ. ಆದರೆ ಛಾಯಾಚಿತ್ರದಲ್ಲಿ ಕಾಣುವ ಕುದುರೆಯ ವಿಷಯದಲ್ಲಿ ಈ ನ್ಯಾಯವು ಸಲ್ಲದು. ಅದನ್ನು ನೋಡುವವನು ‘ಈ ಕುದುರೆಯು ಒಂದು ದಿನ ಒಂದು ಸ್ಥಳದಲ್ಲಿ ನಿಂತಿದ್ದಿತು, ಇಲ್ಲದಿದ್ದರೆ ಈ ಚಿತ್ರವು ಹುಟ್ಟುತ್ತಿರಲಿಲ್ಲ’ ಎಂದು ನಂಬುತ್ತಾನೆ. ಈ ನಂಬಿಕೆಗೆ ಆಧಾರವೇನು, ಫಿಲ್ಮಿನ ಸ್ಥಾನವನ್ನು ಡಿಜಿಟಲ್ ಪದ್ಧತಿಯು ಬಹುಮಟ್ಟಿಗೆ ಆಕ್ರಮಿಸಿದುದರಿಂದ ಆ ಆಧಾರವು ಕುಸಿದಿದೆಯೆ, ಕುಸಿದಿದ್ದರೆ ಬೇರೊಂದು ಆಧಾರವುಂಟೆ ಎಂಬುದೇ ಪ್ರಕೃತ ವಿಚಾರ.

ಮೊದಲು ಫಿಲ್ಮಿನ ಸ್ವರೂಪವನ್ನು ತಿಳಿಯಬೇಕು. 1839ರಲ್ಲಿ ಫ್ರಾನ್ಸಿನ ದಾಗೇರನ ವಿಧಾನವು ಲೋಕಕ್ಕೆ ಪ್ರಕಟವಾಯಿತು. 1841ರಲ್ಲಿ ಇಂಗ್ಲೆಂಡಿನ ಟಾಲ್ಬಟ್ಟನು ಒಂದು ನೆಗೆಟಿವಿನಿಂದ ಅನೇಕ ಪ್ರತಿಗಳನ್ನು ತೆಗೆಯುವ ತನ್ನ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಮುಂದೆ ಕಾಗದದ ಬದಲು ಗಾಜಿನ ಫಲಕವೂ, ಫಲಕದ ಬದಲು ಫಿಲ್ಮೂ ಬಂದರೂ ತತ್ತ್ವವು ಒಂದೇ. ಜೆಲಟಿನ್ ಪೊರೆಯಲ್ಲಿ ಹರಡಿರುವ ಬೆಳ್ಳಿಯ ಲವಣದ ಹರಳುಗಳ ಮೇಲೆ ಬೆಳಕು ಬಿದ್ದಾಗ, ಕಣ್ಣಿಗೆ ಕಾಣದಷ್ಟು ಅಲ್ಪವಾದ ವಿಕಾರವೊಂದು ಅವುಗಳಲ್ಲಿ ಉಂಟಾಗುತ್ತದೆ. ರಾಸಾಯನಿಕ ದ್ರವದಲ್ಲಿ ಅದ್ದಿದಾಗ ಬೆಳಕು ಸೋಕಿದ ಹರಳು ಕಪ್ಪನೆಯ ಬೆಳ್ಳಿಯಾಗುತ್ತದೆ. ಸೋಕದ ಹರಳನ್ನು ಹೈಪೊ ಎಂಬ ಲವಣದ ನೀರು ಕರಗಿಸಿಬಿಡುತ್ತದೆ. ಹೀಗೆ ವಸ್ತುವಿನಿಂದ ಹೊರಟ ಬೆಳಕೇ ಚಿತ್ರಕ್ಕೆ ಕಾರಣವಾದುದರಿಂದ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಚಿತ್ರದಿಂದ ವಸ್ತುವನ್ನು ಊಹಿಸಬಹುದೆಂದು ತೋರುವುದು ಸಹಜ. ಛಾಯಾಚಿತ್ರವು ಅನುಮಾನಪ್ರಮಾಣವೆಂಬ ಭಾವನೆಯು ಜನರಲ್ಲಿ ಬೇರೂರಿದುದು ಈ ಕಾರಣದಿಂದ.

ಇಲ್ಲಿ ಪೂರ್ವಪಕ್ಷಿಯು ಹೇಳತಕ್ಕದ್ದೇನೆಂದರೆ: ಫಿಲ್ಮು ಬೆಳಕಿನ ಮುದ್ರೆ, ಆದುದರಿಂದ ಸತ್ಯ, ಡಿಜಿಟಲ್ ಚಿತ್ರವು ಬರಿಯ ಅಂಕಿಗಳ ರಾಶಿ, ಅಂಕಿಗಳನ್ನು ಬೇಕಾದಂತೆ ತಿದ್ದಬಹುದು, ಆದುದರಿಂದ ಅದು ಅಪ್ರಮಾಣ. ಈ ಪಕ್ಷವು ಮೇಲುನೋಟಕ್ಕೆ ರಮಣೀಯವಾಗಿದ್ದರೂ ಚರಿತ್ರೆಯ ಪರೀಕ್ಷೆಗೆ ನಿಲ್ಲುವುದಿಲ್ಲ.

1857ರಲ್ಲಿ ರೈಲಾಂಡರ್ ಎಂಬ ಕಲಾವಿದನು ಸುಮಾರು 30 ನೆಗೆಟಿವುಗಳನ್ನು ಜೋಡಿಸಿ ಒಂದೇ ಚಿತ್ರವನ್ನು ಮಾಡಿದನು. 1858ರಲ್ಲಿ ರಾಬಿನ್ಸನ್ ಎಂಬವನು ಮರಣಶಯ್ಯೆಯಲ್ಲಿರುವ ಕನ್ಯೆಯ ಚಿತ್ರವನ್ನು 5 ನೆಗೆಟಿವುಗಳಿಂದ ರಚಿಸಿದನು. ಸೋವಿಯತ್ ರಷ್ಯದಲ್ಲಿ ಗುಪ್ತಪೊಲೀಸರ ಮುಖ್ಯಸ್ಥನಾಗಿದ್ದ ಯೆಜೋವನು ಸ್ಟಾಲಿನ್ನನ ಪಕ್ಕದಲ್ಲಿ ಮಾಸ್ಕೋ ಕಾಲುವೆಯ ದಡದಲ್ಲಿ ನಿಂತಿದ್ದ ಚಿತ್ರವೊಂದುಂಟು. 1940ರಲ್ಲಿ ಅವನಿಗೆ ಮರಣದಂಡನೆಯಾಯಿತು. ಆ ಚಿತ್ರದ ಪರಿಷ್ಕೃತ ಪ್ರತಿಯಲ್ಲಿ ಅವನು ನಿಂತಿದ್ದ ಎಡೆಯಲ್ಲಿ ಕಾಲುವೆಯ ನೀರು ಮಾತ್ರ ಕಾಣುತ್ತದೆ. ಇವೆಲ್ಲವೂ ಕತ್ತರಿ, ಕುಂಚ, ಕತ್ತಲೆಕೋಣೆಗಳಿಂದ ನಡೆದ ಕೆಲಸಗಳು. ಇಲ್ಲಿ ಗಣಕಯಂತ್ರದ ಗಂಧವೂ ಇಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಉದಾಹರಣೆ ಮತ್ತೊಂದಿದೆ. 1917ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಕಾಟಿಂಗ್ಲಿ ಎಂಬ ಊರಿನಲ್ಲಿ ಇಬ್ಬರು ಬಾಲಿಕೆಯರು ತಾವು ಯಕ್ಷಿಣಿಯರೊಡನೆ ಇರುವಂತೆ ಎರಡು ಚಿತ್ರಗಳನ್ನು ತೆಗೆದರು. ಅವುಗಳನ್ನು ಪರೀಕ್ಷಿಸಿದ ಪರಿಣತನು, ಎರಡು ಬಿಂಬಗಳನ್ನು ಕೂಡಿಸಿದ ಕುರುಹಿಲ್ಲ, ಒಂದೇ ಬಾರಿಯ ಬೆಳಕಿನಿಂದ ಆದ ಚಿತ್ರಗಳಿವು ಎಂದು ನಿರ್ಣಯಿಸಿದನು. ಷರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಕಾನನ್ ಡಾಯ್ಲನು ಅದನ್ನು ನಂಬಿ 1920ರ ಡಿಸೆಂಬರಿನಲ್ಲಿ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಅವುಗಳನ್ನು ಪ್ರಕಟಿಸಿದನು. 1983ರಲ್ಲಿ, ಆಗ ವೃದ್ಧೆಯರಾಗಿದ್ದ ಆ ಇಬ್ಬರೂ ನಿಜವನ್ನು ಒಪ್ಪಿಕೊಂಡರು: ಯಕ್ಷಿಣಿಯರು ಕಾಗದದಲ್ಲಿ ಬರೆದು ಕತ್ತರಿಸಿ ಟೋಪಿಯ ಸೂಜಿಗಳಿಂದ ನಿಲ್ಲಿಸಿದ ಬೊಂಬೆಗಳು. ಪರಿಣತನ ನಿರ್ಣಯವು ತಪ್ಪಾಗಿರಲಿಲ್ಲ. ಫಲಕದಲ್ಲಿ ಮೋಸವಿರಲಿಲ್ಲ, ಫಲಕದ ಮುಂದೆ ಮೋಸವಿದ್ದಿತು. ಬೆಳಕು ಕಾಗದದ ಬೊಂಬೆಯಿಂದ ಹೊರಟಿತು. ಕಾಗದದ ಬೊಂಬೆಯನ್ನೇ ಮುದ್ರಿಸಿತು. ಅದಕ್ಕೆ ಯಕ್ಷಿಣಿಯೆಂದು ಹೆಸರಿಟ್ಟವರು ಮನುಷ್ಯರು.

ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎಂಬ ನಿಯಮವು ಹಸಿಯ ಕಟ್ಟಿಗೆಯೆಂಬ ಉಪಾಧಿಯಿಂದ ದೂಷಿತವಾಗುವುದನ್ನು ತರ್ಕಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಚಿತ್ರವಿದ್ದಲ್ಲೆಲ್ಲ ತತ್ಸದೃಶವಾದ ವಸ್ತುವಿದ್ದಿತು ಎಂಬ ನಿಯಮಕ್ಕೂ ‘ಮನುಷ್ಯನ ವಂಚನೆಯು ಸೇರದಿದ್ದರೆ’ ಎಂಬ ಉಪಾಧಿಯು ಮೊದಲಿನಿಂದಲೂ ಅಂಟಿಕೊಂಡೇ ಇದ್ದಿತು. ಆದರೂ ಫಿಲ್ಮಿಗೆ ಒಂದು ವಿಶೇಷವಿದ್ದುದನ್ನು ಮರೆಯಲಾಗದು. ಅದರಲ್ಲಿ ನೆಗೆಟಿವೆಂಬ ಮಾತೃಕೆಯುಂಟು. ಪ್ರತಿಯಲ್ಲಿ ಸಂದೇಹ ಬಂದರೆ ಮಾತೃಕೆಯನ್ನು ತರಿಸಿ ನೋಡಬಹುದು. ಮಾತೃಕೆಯನ್ನೇ ಕೆರೆದಿದ್ದರೆ ಕೆರೆದ ಗುರುತು ಉಳಿಯಬಹುದು. ತಿದ್ದುವುದಕ್ಕೆ ಕುಶಲತೆಯೂ ಕಾಲವೂ ಬೇಕಾಗಿದ್ದುದರಿಂದ ತಿದ್ದುವವರ ಸಂಖ್ಯೆಯೂ ಮಿತವಾಗಿದ್ದಿತು.

ಇನ್ನು ಡಿಜಿಟಲ್ ಚಿತ್ರದ ವಿಚಾರ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು ಕಂಡುಹಿಡಿದ ಸಿ.ಸಿ.ಡಿ. ಎಂಬ ಉಪಕರಣವು ಬೆಳಕನ್ನು ವಿದ್ಯುತ್ತನ್ನಾಗಿ ಮಾರ್ಪಡಿಸುವ ಸಾಧನವಾಯಿತು. ಅದನ್ನು ಬಳಸಿ 1975ರಲ್ಲಿ ಕೊಡಕ್ ಸಂಸ್ಥೆಯ ಸ್ಯಾಸನ್ನನು ಮಾಡಿದ ಕ್ಯಾಮರವು ಕೇವಲ 10,000 ಬಿಂದುಗಳ ಕಪ್ಪುಬಿಳುಪಿನ ಚಿತ್ರವನ್ನು 23 ಸೆಕೆಂಡುಗಳಲ್ಲಿ ಕ್ಯಾಸೆಟ್ಟಿನ ಮೇಲೆ ದಾಖಲಿಸುತ್ತಿದ್ದಿತು. ಈ ಬಗೆಯ ಯಂತ್ರದಲ್ಲಿ ಚಿತ್ರದ ಪ್ರತಿಯೊಂದು ಬಿಂದುವೂ ಅಂಕಿಯಾಗುತ್ತದೆ. ಬಣ್ಣದ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಕೊಡಕ್ಕಿನ ಬೇಯರನ ಹೆಸರಿನಿಂದ ಪ್ರಸಿದ್ಧವಾದ ಜಾಲರಿಯಲ್ಲಿ ಅರ್ಧದಷ್ಟು ಬಿಂದುಗಳು ಹಸುರನ್ನೂ, ಕಾಲುಭಾಗವು ಕೆಂಪನ್ನೂ, ಉಳಿದ ಕಾಲುಭಾಗವು ನೀಲಿಯನ್ನೂ ಮಾತ್ರ ಅಳೆಯುತ್ತವೆ. ಒಂದೊಂದು ಬಿಂದುವಿಗೂ ಬೇಕಾದ ಉಳಿದೆರಡು ಬಣ್ಣಗಳನ್ನು ಯಂತ್ರವು ನೆರೆಯ ಬಿಂದುಗಳಿಂದ ಲೆಕ್ಕಹಾಕಿ ತುಂಬುತ್ತದೆ. ಆದಕಾರಣ ಯಾರೂ ಕೈಯಾಡಿಸದ ಚಿತ್ರದಲ್ಲಿಯೂ ವರ್ಣಮೌಲ್ಯಗಳಲ್ಲಿ ಮೂರರಲ್ಲೆರಡು ಪಾಲು ಅಳೆದುದಲ್ಲ, ಊಹಿಸಿದುದು. ಸಂಸ್ಕಾರವಿಲ್ಲದ ಡಿಜಿಟಲ್ ವರ್ಣಚಿತ್ರವೆಂಬುದು ಈ ಪದ್ಧತಿಯಲ್ಲಿ ಇಲ್ಲವೇ ಇಲ್ಲ.

ಅಂಕಿಯನ್ನು ಅಳಿಸಿ ಅಂಕಿಯನ್ನು ಬರೆದರೆ ಕೆರೆದ ಗುರುತೇನೂ ಉಳಿಯದು. ಪ್ರತಿಗೂ ಮಾತೃಕೆಗೂ ಭೇದವೂ ಇರದು. 1982ರ ಫೆಬ್ರವರಿಯ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಹೊದಿಕೆಯಲ್ಲಿ, ಅಡ್ಡಚಿತ್ರವನ್ನು ಉದ್ದಪುಟಕ್ಕೆ ಹೊಂದಿಸುವುದಕ್ಕಾಗಿ, ಈಜಿಪ್ಟಿನ ಗೀಜಾದ ಪಿರಮಿಡ್ಡುಗಳನ್ನು ಯಂತ್ರದಿಂದ ಒಂದಕ್ಕೊಂದು ಸಮೀಪಕ್ಕೆ ಸರಿಸಲಾಯಿತು. 1990ರಲ್ಲಿ ನೋಲ್ ಸೋದರರ ಫೋಟೋಶಾಪ್ ಮಾರುಕಟ್ಟೆಗೆ ಬಂದ ಮೇಲೆ ಇಂತಹ ಸಾಮರ್ಥ್ಯವು ಕ್ರಮೇಣ ಸರ್ವಸುಲಭವಾಯಿತು. 2006ರಲ್ಲಿ ಬೆಯ್ರೂತಿನ ಯುದ್ಧದ ಚಿತ್ರವೊಂದರಲ್ಲಿ ಹೊಗೆಯನ್ನು ನಕಲುಮಾಡಿ ಹೆಚ್ಚಿಸಿದ್ದು ಬಯಲಾಗಲು, ರಾಯ್ಟರ್ಸ್ ಸಂಸ್ಥೆಯು ಆ ಛಾಯಾಗ್ರಾಹಕನ 920 ಚಿತ್ರಗಳನ್ನೂ ತನ್ನ ಭಂಡಾರದಿಂದ ತೆಗೆದುಹಾಕಿತು. ಒಂದೆರಡು ಚಿತ್ರಗಳ ದೋಷದಿಂದ ಎಲ್ಲ ಚಿತ್ರಗಳೂ ತ್ಯಾಜ್ಯವಾದುದು ಗಮನಾರ್ಹ. ಅಲ್ಲಿ ದೂಷಿತವಾದುದು ಚಿತ್ರಗಳಲ್ಲ, ಅವುಗಳನ್ನು ಕೊಟ್ಟವನ ಆಪ್ತತ್ವ.

ಹಾಗಾದರೆ ಯಾವ ಮಾರ್ಪಾಟು ಯುಕ್ತ, ಯಾವುದು ಅಯುಕ್ತ? ಸೇರಿಸುವುದು, ತೆಗೆಯುವುದು ತಪ್ಪು. ಬೆಳಕು ಕತ್ತಲೆಗಳನ್ನು ಹದಗೊಳಿಸುವುದು ತಪ್ಪಲ್ಲ ಎಂದು ಕೆಲವರ ಮತ. ಇದೂ ಪೂರ್ಣವಾದ ಲಕ್ಷಣವಲ್ಲ. 1994ರ ಜೂನಿನಲ್ಲಿ ಅಮೆರಿಕದ ಆರೋಪಿ ಓ. ಜೆ. ಸಿಂಪ್ಸನ್ನನ ಪೊಲೀಸ್ ಚಿತ್ರವನ್ನು ‘ನ್ಯೂಸ್‌ವೀಕ್’ ಇದ್ದಂತೆಯೇ ಮುದ್ರಿಸಿತು; ‘ಟೈಮ್’ ಪತ್ರಿಕೆಯು ಅದನ್ನೇ ಕಪ್ಪಾಗಿಸಿ ಮುದ್ರಿಸಿತು. ಮುಖದಲ್ಲಿ ಒಂದು ರೇಖೆಯೂ ಸೇರಲಿಲ್ಲ. ಆದರೂ ಕೃಷ್ಣವರ್ಣೀಯನಾದ ಆರೋಪಿಯನ್ನು ಇನ್ನಷ್ಟು ಭಯಂಕರನನ್ನಾಗಿ ಕಾಣಿಸಿದರೆಂಬ ಆಕ್ಷೇಪವು ಎದ್ದಿತು. ಇತ್ತ ರೈಲಾಂಡರನು 30 ನೆಗೆಟಿವುಗಳನ್ನು ಜೋಡಿಸಿದರೂ ಸುಳ್ಳುಗಾರನಲ್ಲ, ಏಕೆಂದರೆ ಅವನು ಅದನ್ನು ಕಲಾಕೃತಿಯೆಂದೇ ಮುಂದಿಟ್ಟನು. ಆದುದರಿಂದ ದೋಷವು ಕ್ರಿಯೆಯ ಪ್ರಮಾಣದಲ್ಲಿ ಇಲ್ಲ. ಚಿತ್ರವನ್ನು ಮುಂದಿಡುವವನು ಮಾಡುವ ಪ್ರತಿಜ್ಞೆಗೂ ಚಿತ್ರಕ್ಕೂ ಇರುವ ವಿರೋಧದಲ್ಲಿದೆ.

ಇತ್ತೀಚಿನ ವರ್ಷಗಳಲ್ಲಿ ಈ ವಿಚಾರವು ಪರಾಕಾಷ್ಠೆಗೆ ಮುಟ್ಟಿದೆ. 2023ರಲ್ಲಿ ಜರ್ಮನಿಯ ಎಲ್ಡಾಗ್ಸೆನ್ ಎಂಬ ಕಲಾವಿದನು ಕೃತಕಬುದ್ಧಿಯಂತ್ರದಿಂದ ಹುಟ್ಟಿಸಿದ ಚಿತ್ರವೊಂದಕ್ಕೆ ಸೋನಿ ವಿಶ್ವ ಛಾಯಾಚಿತ್ರ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ, ಅದು ಛಾಯಾಚಿತ್ರವಲ್ಲವೆಂದು ಹೇಳಿ ಬಹುಮಾನವನ್ನು ನಿರಾಕರಿಸಿದನು. ಇಲ್ಲಿ ಕ್ಯಾಮರವಿಲ್ಲ, ಎದುರಿಗೆ ನಿಂತ ವಸ್ತುವಿಲ್ಲ. ಇದು ನಿಜವಾಗಿ ಚಿತ್ರತುರಗವೇ; ಆದರೆ ಜೀವಂತ ಕುದುರೆಗೆ ಸಲ್ಲತಕ್ಕ ನಂಬಿಕೆಯನ್ನು ಬೇಡಬಲ್ಲ ಚಿತ್ರತುರಗ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಛಾಯಾಚಿತ್ರವನ್ನು ಶುದ್ಧಾನುಮಾನವೆಂದು ಎಣಿಸುವುದನ್ನು ಬಿಟ್ಟು ಶಬ್ದಪ್ರಮಾಣದ ಕಕ್ಷೆಯಲ್ಲಿ ಸೇರಿಸಬೇಕು. ಮಾತಿನ ಪ್ರಾಮಾಣ್ಯವು ವಕ್ತೃವಿನ ಆಪ್ತತ್ವವನ್ನು ಅವಲಂಬಿಸುವಂತೆ, ಚಿತ್ರದ ಪ್ರಾಮಾಣ್ಯವು ಅದನ್ನು ತೆಗೆದವನ, ಕಾಪಾಡಿದವನ, ಪ್ರಕಟಿಸಿದವನ ಆಪ್ತತ್ವವನ್ನು ಅವಲಂಬಿಸುತ್ತದೆ. ಲೋಕವ್ಯವಹಾರವೂ ಈ ದಾರಿಯನ್ನೇ ಹಿಡಿದಿದೆ. ಚಿತ್ರದ ಪೂರ್ವೋತ್ತರವನ್ನು ಚಿತ್ರದೊಡನೆಯೇ ದಾಖಲಿಸುವುದಕ್ಕಾಗಿ 2021ರಲ್ಲಿ ಸಿ2ಪಿಎ ಎಂಬ ಒಕ್ಕೂಟವು ಹುಟ್ಟಿತು. 2023ರಲ್ಲಿ ಲೈಕಾ ಸಂಸ್ಥೆಯು ಅಂತಹ ಮುದ್ರೆಯನ್ನೊತ್ತುವ ಕ್ಯಾಮರವನ್ನು ಹೊರತಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನೂ, ಅದರಲ್ಲಿ ಹ್ಯಾಷ್ ಎಂಬ ಸಂಖ್ಯಾಮುದ್ರೆಯನ್ನೂ ಅಪೇಕ್ಷಿಸುತ್ತದೆ. ದಾಖಲೆಯಲ್ಲಿ ಒಂದು ಬಿಂದು ವ್ಯತ್ಯಾಸವಾದರೂ ಈ ಮುದ್ರೆಯು ಬೇರೆಯಾಗುತ್ತದೆ. ಆದರೆ ಅದು ಸಾರುವುದು ಮುದ್ರೆಯೊತ್ತಿದ ಮೇಲೆ ಯಾರೂ ತಿದ್ದಿಲ್ಲವೆಂಬುದನ್ನಷ್ಟೆ. ಕಾಟಿಂಗ್ಲಿಯ ಬೊಂಬೆಗಳಿಗೂ ಅಂತಹ ಮುದ್ರೆಯನ್ನು ಒತ್ತಬಹುದಾಗಿದ್ದಿತು.

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಈ ಸಿದ್ಧಾಂತವು ಅಪರಿಚಿತವಲ್ಲ. ಓಲೆಯ ಪ್ರತಿಗಳೆಲ್ಲವೂ ಕೈಬರಹಗಳು, ಕೈ ತಪ್ಪಬಹುದು ಎಂದು ಯಾರೂ ಅವುಗಳನ್ನು ಎಸೆಯುವುದಿಲ್ಲ. ಯಾರು ಬರೆದರು, ಎಂದು ಬರೆದರು, ಯಾವ ಮಾತೃಕೆಯಿಂದ ಬರೆದರು ಎಂದು ವಿಚಾರಿಸಿ, ಪ್ರತ್ಯಂತರಗಳೊಡನೆ ಹೋಲಿಸಿ, ಪಾಠವನ್ನು ನಿರ್ಣಯಿಸುತ್ತಾರೆ. ಇಂದು ಓಲೆಗಳನ್ನೇ ಡಿಜಿಟಲ್ ಚಿತ್ರಗಳಲ್ಲಿ ಓದುವ ಸಂದರ್ಭಗಳು ಹೆಚ್ಚುತ್ತಿರುವುದರಿಂದ ವಿಚಾರವು ಇನ್ನೂ ಸಮೀಪಕ್ಕೆ ಬಂದಿದೆ. ಅಕ್ಷರವು ಸ್ಫುಟವಾಗಲೆಂದು ಚಿತ್ರವನ್ನು ಹದಗೊಳಿಸುವವನು ಹುಳು ಕೊರೆದ ರಂಧ್ರವನ್ನು ಸೊನ್ನೆಯನ್ನಾಗಿಯೂ, ಮಾಸಿದ ಸೊನ್ನೆಯನ್ನು ಶೂನ್ಯವನ್ನಾಗಿಯೂ ಮಾಡಬಲ್ಲನು. ಒಂದು ಸೊನ್ನೆಯಿಂದ ವಿಭಕ್ತಿಯೂ, ವಿಭಕ್ತಿಯಿಂದ ಅರ್ಥವೂ ಬದಲಾಗುತ್ತವೆ. ಆದುದರಿಂದ ಸಂಪಾದಕನು ತಾನು ಓಲೆಯನ್ನು ನೋಡಿದನೋ ಚಿತ್ರವನ್ನು ನೋಡಿದನೋ, ಚಿತ್ರವಾದರೆ ಅದಕ್ಕೆ ಯಾವ ಸಂಸ್ಕಾರವಾಗಿದ್ದಿತು ಎಂಬುದನ್ನು ಪೀಠಿಕೆಯಲ್ಲಿ ತಿಳಿಸತಕ್ಕದ್ದು. ಸಂಸ್ಕಾರಕ್ಕೆ ಮೊದಲಿನ ಚಿತ್ರವನ್ನೂ ಕಾಪಾಡತಕ್ಕದ್ದು.

ಎಲ್ಲ ಚಿತ್ರಗಳನ್ನೂ ನಂಬುವುದು ಮೌಢ್ಯ. ಯಾವುದನ್ನೂ ನಂಬದಿರುವುದು ಅದಕ್ಕಿಂತಲೂ ಅಪಾಯಕರ. ಎಲ್ಲವೂ ಕೃತಕವಿರಬಹುದೆಂಬ ಮಾತು ರೂಢಿಯಾದರೆ ನಿಜವಾದ ಅಪರಾಧಿಯು ನಿಜವಾದ ಚಿತ್ರವನ್ನೇ ಕೃತಕವೆಂದು ತಳ್ಳಿಹಾಕಿ ಪಾರಾಗುವನು. ಅನ್ಯಾಯಕ್ಕೊಳಗಾದವನ ಕೈಯಲ್ಲಿರುವ ಒಂದೇ ಸಾಕ್ಷಿಯು ವ್ಯರ್ಥವಾಗುವುದು. ಚಿತ್ರವು ನಿಜವೇ ಎಂದು ಚಿತ್ರವನ್ನೇ ಕೇಳಿ ಪ್ರಯೋಜನವಿಲ್ಲ. ಅದನ್ನು ಯಾರು ತಂದರು, ಎಲ್ಲಿಂದ ತಂದರು, ದಾರಿಯಲ್ಲಿ ಏನು ಮಾಡಿದರು ಎಂದು ಕೇಳಿ ಅನಂತರ ನಂಬುವುದು ವಿವೇಕಿಗಳ ಕರ್ತವ್ಯವಾಗಿದೆ.