ತೂತು ಕೊರೆದ ರಟ್ಟು, ತಪ್ಪದ ಲೆಕ್ಕ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದರೂ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ಮುಂದೆ ಸಿಇಟಿ ಕಾದು ಕುಳಿತಿರುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಪುಸ್ತಕದಂಗಡಿಯಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳ ಕಟ್ಟು ಹುಡುಕುವ ಅಪ್ಪಂದಿರು, ಬಿಟಿಎಂ ಲೇಔಟಿನ ಟ್ಯುಟೋರಿಯಲ್ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಮಗಳಿಗಾಗಿ ಕಾಯುವ ಅಮ್ಮಂದಿರು ದಕ್ಷಿಣ ಬೆಂಗಳೂರಿನಲ್ಲಿ ಪ್ರತಿ ಬೇಸಿಗೆಯ ನೋಟ. ಎರಡು ವರ್ಷದ ಓದು ಕೊನೆಗೆ ಬಂದು ನಿಲ್ಲುವುದು ಹಾಳೆಯ ಮೇಲಿನ ಪುಟ್ಟ ಪುಟ್ಟ ವೃತ್ತಗಳಲ್ಲಿ. ವೃತ್ತ ತುಂಬಿದರೆ ಒಂದು ಅಂಕ. ಪಕ್ಕದ ವೃತ್ತ ತುಂಬಿದರೆ ಸೊನ್ನೆ.

ಈ ವೃತ್ತಗಳನ್ನು ಈಗ ಯಂತ್ರ ಓದುತ್ತದೆ. ಆದರೆ ಆ ಯಂತ್ರದ ಪೂರ್ವಜ ಯಾರು ಗೊತ್ತೇ? ತೂತು ಕೊರೆದ ಒಂದು ರಟ್ಟು! ಗಾಂಧಿ ಬಜಾರಿನಲ್ಲಿ ಸಿಗುವ ರಂಗೋಲಿ ಅಚ್ಚನ್ನು ನೆನಪಿಸಿಕೊಳ್ಳಿ. ತೂತು ಇರುವಲ್ಲಿ ಮಾತ್ರ ಪುಡಿ ಕೆಳಗಿಳಿಯುತ್ತದೆ. ಉತ್ತರಪತ್ರಿಕೆಯ ಅಚ್ಚಿನ ತತ್ವವೂ ಅಷ್ಟೇ. ಸರಿಯುತ್ತರ ಇರಬೇಕಾದ ಜಾಗದಲ್ಲಿ ಮಾತ್ರ ತೂತು. ರಟ್ಟನ್ನು ಹಾಳೆಯ ಮೇಲಿಟ್ಟು, ತೂತಿನಲ್ಲಿ ಕಾಣುವ ಕಪ್ಪು ಚುಕ್ಕೆಗಳನ್ನು ಎಣಿಸಿದರೆ ಅಂಕ ಸಿಕ್ಕಿತು. ಪ್ರಶ್ನೆ ಓದಬೇಕಿಲ್ಲ, ಉತ್ತರ ತಿಳಿದಿರಬೇಕಿಲ್ಲ.

ಯುದ್ಧಕಾಲದ ಉಪಾಯ

ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿಕೊಳ್ಳಲು ಹೇಳುವ ಪದ್ಧತಿಗೆ ನೂರು ವರ್ಷ ದಾಟಿದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞರು ಮೊದಲನೆಯ ಮಹಾಯುದ್ಧದ ಆರಂಭದ ದಿನಗಳಲ್ಲಿ ಮಕ್ಕಳ ಓದುವ ಸಾಮರ್ಥ್ಯ ಅಳೆಯಲು ಇದನ್ನು ಬಳಸಿದರು. ಉತ್ತರ ತಿದ್ದುವವರ ಮನಸ್ಸಿನ ಒಲವು ಅಂಕದಲ್ಲಿ ಬೆರೆಯಬಾರದು ಎಂಬುದು ಉದ್ದೇಶ.

1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಈ ಪದ್ಧತಿಗೆ ಭಾರಿ ಕೆಲಸ ಸಿಕ್ಕಿತು. ಸೈನ್ಯಕ್ಕೆ ಸೇರಿದ ಸುಮಾರು 17 ಲಕ್ಷ ಮಂದಿಗೆ ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕ್ಸ್ ನೇತೃತ್ವದಲ್ಲಿ ಬುದ್ಧಿಶಕ್ತಿ ಪರೀಕ್ಷೆ ನಡೆಯಿತು. ಅಷ್ಟೊಂದು ಹಾಳೆ ತಿದ್ದಲು ವಿದ್ವಾಂಸರನ್ನು ಎಲ್ಲಿಂದ ತರುವುದು? ಗುಮಾಸ್ತರ ಕೈಗೆ ಅಚ್ಚುಗಳನ್ನು ಕೊಟ್ಟರು. ಕೆಲಸ ಸಾಗಿತು. ಆ ಪರೀಕ್ಷೆಗಳಿಂದ ಕೆಲವರು ತೆಗೆದ ತೀರ್ಮಾನಗಳು ಮುಂದೆ ಕಟುಟೀಕೆಗೆ ಗುರಿಯಾದದ್ದು ಬೇರೆ ಮಾತು. ಅಚ್ಚು ಎಣಿಸಬಲ್ಲದು, ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಎಂದು ಹೇಳಲಾರದು.

ಅಚ್ಚಿನಿಂದ ಯಂತ್ರಕ್ಕೆ ಹಾರಿದ ಕಥೆ ಇನ್ನೂ ಸ್ವಾರಸ್ಯಕರ. ರೆನಾಲ್ಡ್ ಜಾನ್ಸನ್ ಮಿಷಿಗನ್ ರಾಜ್ಯದ ಒಂದು ಹೈಸ್ಕೂಲಿನ ಮೇಷ್ಟರು. ಪೆನ್ಸಿಲ್ ಗೀಚಿದ ಜಾಗದಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಬಳಸಿಕೊಂಡು ಅವರು ಉತ್ತರಪತ್ರಿಕೆ ತಿದ್ದುವ ಯಂತ್ರ ರೂಪಿಸಿದರು. ಐಬಿಎಂ ಕಂಪನಿ ಅದನ್ನು ಕೊಂಡು, ಮೇಷ್ಟರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. 1930ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದ 805 ಹೆಸರಿನ ಆ ಯಂತ್ರ ಗಂಟೆಗೆ ಸುಮಾರು 800 ಹಾಳೆ ತಿದ್ದುತ್ತಿತ್ತು. ಆದರೆ ಅದರ ಹೊಟ್ಟೆಯೊಳಗೂ ಸರಿಯುತ್ತರ ತಿಳಿಸಲು ತೂತು ಕೊರೆದ ಹಾಳೆಯನ್ನೇ ಇಡಬೇಕಿತ್ತು! ಇದೇ ಜಾನ್ಸನ್ ನೇತೃತ್ವದ ತಂಡ 1956ರಲ್ಲಿ ಕಂಪ್ಯೂಟರಿನ ಮೊದಲ ಹಾರ್ಡ್ ಡಿಸ್ಕನ್ನು ಜಗತ್ತಿಗೆ ಕೊಟ್ಟಿತು. ವಿದ್ಯುತ್ತಿನ ಬದಲು ಬೆಳಕಿನಿಂದ ಗುರುತು ಓದುವ ಯಂತ್ರವನ್ನು 1950ರ ದಶಕದಲ್ಲಿ ಅಯೋವ ವಿಶ್ವವಿದ್ಯಾಲಯದ ಲಿಂಡ್‌ಕ್ವಿಸ್ಟ್ ರೂಪಿಸಿದರು. ನಮ್ಮ ಒಎಂಆರ್ ಅದೇ ಸಂತತಿ.

ಕರ್ನಾಟಕಕ್ಕೆ ಬಂದದ್ದು

ಕ್ಯಾಪಿಟೇಷನ್ ಹಾವಳಿ ನ್ಯಾಯಾಲಯದ ಮೆಟ್ಟಿಲೇರಿದ ಕಾಲವದು. 1992ರಲ್ಲಿ ಕರ್ನಾಟಕದ್ದೇ ಆದ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣ: ಎರಡರಲ್ಲೂ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮರುವರ್ಷ, 1994ರಲ್ಲಿ, ವೃತ್ತಿಶಿಕ್ಷಣ ಸೀಟುಗಳಿಗೆ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಶುರುವಾಯಿತು. ವೈದ್ಯಕೀಯ ಸೀಟುಗಳು ನಂತರ ನೀಟ್ ವ್ಯಾಪ್ತಿಗೆ ಹೋದವು. ಆದರೂ 2025ರ ಸಿಇಟಿಗೆ 3 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದರು. ಬರೆದದ್ದು ಒಎಂಆರ್ ಹಾಳೆಯ ಮೇಲೆಯೇ.

ಇಷ್ಟನ್ನೂ ರಟ್ಟಿನ ಅಚ್ಚಿನಿಂದ ತಿದ್ದಿದರೆ ಏನಾದೀತು? 3 ಲಕ್ಷ ಮಂದಿ, ತಲಾ 3 ವಿಷಯ ಎಂದರೆ 9 ಲಕ್ಷ ಹಾಳೆ. ಹಾಳೆಗೆ ಒಂದು ನಿಮಿಷ ಎಂದು ಹಿಡಿದರೂ 15,000 ಗಂಟೆ! ಯಂತ್ರ ಯಾಕೆ ಬೇಕಾಯಿತು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಹಾಗೆಂದು ರಟ್ಟು ಮೂಲೆ ಸೇರಿಲ್ಲ. ಮನಶ್ಶಾಸ್ತ್ರದ ಕೆಲವು ಪರೀಕ್ಷೆಗಳನ್ನು ತಿದ್ದಲು ಇಂದಿಗೂ ಇಂಥ ಅಚ್ಚುಗಳಿವೆ. ನಲವತ್ತು ಮಕ್ಕಳ ತರಗತಿಯಲ್ಲಿ ಕಿರುಪರೀಕ್ಷೆ ನಡೆಸುವ ಮೇಷ್ಟರಿಗೆ ಇದಕ್ಕಿಂತ ಅಗ್ಗದ ಸಹಾಯಕ ಸಿಗಲಾರ.

ಮನೆಯಲ್ಲೇ ಮಾಡಿ ನೋಡಿ

ಮಾದರಿ ಪರೀಕ್ಷೆಯ ಖಾಲಿ ಉತ್ತರಹಾಳೆಯ ಒಂದು ಜೆರಾಕ್ಸ್ ಪ್ರತಿಯನ್ನು ತೆಳು ರಟ್ಟಿಗೆ ಅಂಟಿಸಿ. ಸರಿಯುತ್ತರದ ವೃತ್ತಗಳನ್ನಷ್ಟೇ ಗುರುತಿಸಿ ತೂತು ಮಾಡಿ. ಫೈಲಿಗೆ ಹಾಕುವ ಪಂಚಿಂಗ್ ಮೆಷಿನ್ ಹಾಳೆಯ ಅಂಚಿಗೆ ಮಾತ್ರ ಎಟಕುತ್ತದೆ. ನಡುವಿನ ವೃತ್ತಗಳಿಗೆ ತಲುಪುವುದಿಲ್ಲ. ಆದ್ದರಿಂದ ಒಂದೊಂದು ಕಾಲಮ್ಮಿಗೆ ಒಂದೊಂದು ಪಟ್ಟಿ ಕತ್ತರಿಸಿಕೊಳ್ಳುವುದು ಜಾಣತನ. ಅಚ್ಚು ಒಂದು ಸಾಲು ಜಾರಿದರೆ ಇಡೀ ಲೆಕ್ಕ ತಲೆಕೆಳಗು. ಹಾಗಾಗದಂತೆ ಹಾಳೆಯ ಮೂಲೆಯಲ್ಲಿ ಎರಡು ಗುರುತು, ರಟ್ಟಿನಲ್ಲಿ ಅವುಗಳಿಗೆ ಹೊಂದುವ ಎರಡು ತೂತು ಇರಲಿ. ಒಎಂಆರ್ ಹಾಳೆಯ ಅಂಚಿನಲ್ಲಿ ಕಾಣುವ ಕಪ್ಪು ಗೆರೆ-ಚೌಕಗಳ ಕೆಲಸವೂ ಇದೇ: ಸಾಲು ಎಲ್ಲಿದೆ ಎಂದು ಯಂತ್ರಕ್ಕೆ ತೋರಿಸುವುದು.

ಇಲ್ಲೊಂದು ಮೋಸವಿದೆ, ಎಚ್ಚರ. ಚುರುಕು ಹುಡುಗನೊಬ್ಬ ನಾಲ್ಕೂ ವೃತ್ತ ತುಂಬಿಬಿಟ್ಟರೆ? ರಟ್ಟಿನ ತೂತಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ನೂರಕ್ಕೆ ನೂರು! ಅದಕ್ಕೇ ಅಚ್ಚು ಇಡುವ ಮೊದಲು ಹಾಳೆಯನ್ನು ಒಮ್ಮೆ ನೋಡಿ, ಎರಡು ಗುರುತು ಇರುವ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಬೇಕು.

ಖಾಲಿ ತೂತು ಕಂಡಲ್ಲಿ ಕೆಂಪು ಶಾಯಿಯ ಚುಕ್ಕೆ ಇಡಿ. ರಟ್ಟು ಎತ್ತಿದ ಮೇಲೆ ತಪ್ಪಿದ ಪ್ರತಿ ಪ್ರಶ್ನೆಯ ಸರಿಯುತ್ತರ ಕೆಂಪಾಗಿ ಹೊಳೆಯುತ್ತದೆ. ಅಂಕಕ್ಕಿಂತ ಆ ಕೆಂಪು ಚುಕ್ಕೆಗಳೇ ಮಕ್ಕಳಿಗೆ ಹೆಚ್ಚು ಕಲಿಸುತ್ತವೆ.

ಋಣಾತ್ಮಕ ಅಂಕವಿರುವ ಪರೀಕ್ಷೆಗೆ ಇನ್ನೊಂದು ಹೆಜ್ಜೆ ಬೇಕು. 60 ಪ್ರಶ್ನೆಯಲ್ಲಿ 3 ಬಿಟ್ಟು 57 ಬರೆದಿದ್ದು, ತೂತಿನಲ್ಲಿ 41 ಸರಿ ಕಂಡರೆ 16 ತಪ್ಪು. ತಪ್ಪಿಗೆ ಕಾಲು ಅಂಕ ಕಳೆಯುವುದಾದರೆ 4 ಹೋಗಿ 37 ಉಳಿಯಿತು. ಸಿಇಟಿಯಲ್ಲಿ ಅಂಕ ಕಳೆಯುವುದಿಲ್ಲ. ಏನೂ ಓದದೆ 60 ಪ್ರಶ್ನೆಗೂ ಕಣ್ಣುಮುಚ್ಚಿ ಗುರುತು ಹಾಕಿದವನಿಗೆ ಸರಾಸರಿ 15 ಬಂದೀತು ಎಂಬುದು ಗಣಿತ. 15ರಿಂದ ಸೀಟು ಸಿಗದು; ಆದರೆ ಉತ್ತರ ಹೊಳೆಯದ ಪ್ರಶ್ನೆಯನ್ನು ಖಾಲಿ ಬಿಡುವುದೂ ಜಾಣತನವಲ್ಲ.

ಸಾಲು ತಪ್ಪುವ ಮಕ್ಕಳಿಗೂ ರಟ್ಟೇ ಮದ್ದು. 17ನೆಯ ಪ್ರಶ್ನೆ ಬಿಟ್ಟು, 18ರ ಉತ್ತರವನ್ನು 17ರಲ್ಲಿ ತುಂಬಿದರೆ ಅಲ್ಲಿಂದ ಮುಂದೆಲ್ಲ ಅನಾಹುತ. ಒಂದೇ ಸಾಲು ಕಾಣುವ ಹಾಗೆ ಉದ್ದನೆಯ ಕಿಂಡಿ ಕೊರೆದ ಪಟ್ಟಿಯನ್ನು ಜಾರಿಸುತ್ತಾ ಮನೆಯಲ್ಲಿ ಅಭ್ಯಾಸ ಮಾಡಿಸಿ. ಪರೀಕ್ಷಾ ಕೊಠಡಿಗೆ ಅದನ್ನು ಒಯ್ಯಲು ಬಿಡುವುದಿಲ್ಲ. ಅಷ್ಟರಲ್ಲಿ ಕಣ್ಣಿಗೆ ಶಿಸ್ತು ಬಂದಿರುತ್ತದೆ. ಪ್ರತಿ ಐದು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವ ಅಭ್ಯಾಸವೂ ಇರಲಿ.

ಬೆರಳಿಗೆ ದಾರಿ ತೋರುವ ತೂತು

ಇಲ್ಲಿಯವರೆಗೆ ಕಣ್ಣಿದ್ದವರ ಮಾತಾಯಿತು. ತೂತಿನ ರಟ್ಟಿನ ನಿಜವಾದ ಹಿರಿಮೆ ಕಾಣುವುದು ಕಣ್ಣಿಲ್ಲದವರ ಕೈಯಲ್ಲಿ.

ಜೆ.ಪಿ. ನಗರ ಮೂರನೇ ಹಂತದಲ್ಲಿರುವ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ 1969ರಲ್ಲಿ ಆರಂಭವಾದ ಸಂಸ್ಥೆ. ಅಂಧ ಮಕ್ಕಳು ಬ್ರೈಲ್ ಬರೆಯಲು ಕಲಿಯುವ ಸ್ಲೇಟೂ ಒಂದು ಅಚ್ಚೇ. ಎರಡು ಫಲಕ; ಮೇಲಿನದರಲ್ಲಿ ಸಾಲುಸಾಲು ಕಿಂಡಿ, ಕೆಳಗಿನದರಲ್ಲಿ ಪ್ರತಿ ಕಿಂಡಿಗೂ ಆರು ಗುಳಿ. ನಡುವೆ ಕಾಗದವಿಟ್ಟು ಮೊಳೆಯಂಥ ಕಡ್ಡಿಯಿಂದ ಒತ್ತಿದರೆ ಚುಕ್ಕೆ ಹಿಂಬದಿಯಲ್ಲಿ ಉಬ್ಬುತ್ತದೆ. ಹಾಗಾಗಿ ಬರೆಯುವುದು ಬಲದಿಂದ ಎಡಕ್ಕೆ, ಕಾಗದ ತಿರುಗಿಸಿ ಓದುವುದು ಎಡದಿಂದ ಬಲಕ್ಕೆ. ಸಹಿ ಹಾಕಲು ಆಯತಾಕಾರದ ಕಿಂಡಿಯಿರುವ ಪುಟ್ಟ ರಟ್ಟು, ಚೆಕ್ ತುಂಬಲು ತಾರೀಖು, ಮೊತ್ತ, ಸಹಿಗೆ ಬೇರೆ ಬೇರೆ ಕಿಂಡಿಯಿರುವ ಅಚ್ಚು ಕೂಡ ಬಳಕೆಯಲ್ಲಿವೆ. ಅಂಧ ಗ್ರಾಹಕರಿಗೆ ಚೆಕ್‌ಬುಕ್ ಸೇರಿದಂತೆ ಎಲ್ಲ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು.

ಹಾಗಾದರೆ ಒಎಂಆರ್ ಹಾಳೆಗೆ ಇಂಥದೊಂದು ಅಚ್ಚು ಯಾಕಾಗಬಾರದು? ಈಗ ಸಾಮಾನ್ಯವಾಗಿ ಅಂಧ ಅಭ್ಯರ್ಥಿಯ ಪರವಾಗಿ ಲಿಪಿಕಾರ ವೃತ್ತ ತುಂಬುತ್ತಾನೆ. ‘ಬಿ’ ಎಂದದ್ದನ್ನು ‘ಡಿ’ ಎಂದು ಕೇಳಿಸಿಕೊಂಡರೆ ಅಭ್ಯರ್ಥಿಗೆ ಅದು ಗೊತ್ತಾಗುವ ಬಗೆಯೇ ಇಲ್ಲ. ವರ್ಷದ ಶ್ರಮ ಇನ್ನೊಬ್ಬರ ಕಿವಿ, ಕೈಗಳ ಮೇಲೆ ನಿಂತಿರುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಅಭ್ಯರ್ಥಿಗೆ ತನ್ನದೇ ಲಿಪಿಕಾರನನ್ನು ಕರೆತರುವ ಅವಕಾಶವನ್ನೂ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಕೊಟ್ಟಿತು. ಲಿಪಿಕಾರನ ನೆರವು ನಿಗದಿತ ಪ್ರಮಾಣದ ಅಂಗವಿಕಲತೆ ಇದ್ದವರಿಗಷ್ಟೇ ಸೀಮಿತವಲ್ಲ ಎಂದು 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೆ ತನ್ನ ಉತ್ತರವನ್ನು ತಾನೇ ಗುರುತಿಸುವ ಸಮಾಧಾನವೇ ಬೇರೆ.

ಇದರ ಸಾಧಕ ಬಾಧಕ ತಿಳಿಯಲು ಚುನಾವಣೆಗಳ ಅನುಭವ ನೋಡಬೇಕು. ಬ್ರಿಟನ್ನಿನಲ್ಲಿ ಅಂಧ ಮತದಾರರಿಗೆ ಮತಪತ್ರದ ಮೇಲೆ ಅಂಟಿಸುವ ಅಚ್ಚು ಕೊಡುತ್ತಿದ್ದರು. ಉಬ್ಬಿದ ಸಂಖ್ಯೆ, ಅದರಡಿ ಎತ್ತಿ ಗುರುತು ಹಾಕುವ ಮುಚ್ಚಳ. ಮೂರನೆಯ ಮುಚ್ಚಳ ಎಲ್ಲಿದೆ ಎಂದು ಬೆರಳಿಗೆ ತಿಳಿಯುತ್ತಿತ್ತು. ಮೂರನೆಯ ಅಭ್ಯರ್ಥಿ ಯಾರೆಂದು ತಿಳಿಯುತ್ತಿರಲಿಲ್ಲ! ಅಂಧ ಮತದಾರರೊಬ್ಬರು ದಾವೆ ಹೂಡಿದರು. ಇಷ್ಟು ಮಾತ್ರದ ಸೌಲಭ್ಯ ಕಾನೂನಿನ ಅಗತ್ಯವನ್ನು ಪೂರೈಸದು ಎಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪಿತ್ತಿತು. ಜರ್ಮನಿಯಲ್ಲಿ ಈ ಕೊರತೆಯನ್ನು ತುಂಬಿದ್ದಾರೆ. ಅಂಧರ ಸಂಘಗಳು ಅಚ್ಚಿನ ಜೊತೆಗೆ ಹೆಸರುಗಳ ಧ್ವನಿಮುದ್ರಿಕೆಯನ್ನೂ ಕೊಡುತ್ತವೆ. ಮತಪತ್ರದ ಬಲ ಮೇಲ್ಮೂಲೆಯನ್ನು ಕತ್ತರಿಸಿರುತ್ತಾರೆ ಇಲ್ಲವೇ ತೂತು ಮಾಡಿರುತ್ತಾರೆ. ಯಾವುದು ಮೇಲು, ಯಾವುದು ಮುಂದು ಎಂಬುದು ಬೆರಳಿಗೆ ತಿಳಿಯಲಿ ಎಂದು. ನಮ್ಮ ಮತಯಂತ್ರದಲ್ಲೂ ಗುಂಡಿಯ ಪಕ್ಕ ಬ್ರೈಲ್ ಸಂಖ್ಯೆ ಇದೆ. ಯಾವ ಸಂಖ್ಯೆ ಯಾರದು ಎಂದು ತಿಳಿಯಲು ಬ್ರೈಲ್ ಮಾದರಿ ಮತಪತ್ರವಿದೆ.

ಪರೀಕ್ಷೆಗೂ ಇದೇ ಪಾಠ. ಮೊದಲು ಪ್ರಶ್ನೆ ಬ್ರೈಲ್‌ನಲ್ಲೋ ಧ್ವನಿಯಲ್ಲೋ ಅಭ್ಯರ್ಥಿಯನ್ನು ತಲುಪಬೇಕು. ಆಮೇಲೆ ಹಾಳೆ ಅಲುಗದಂತೆ ಹಿಡಿಯುವ, ಬ್ರೈಲ್ ಸಂಖ್ಯೆಯಿರುವ ಅಚ್ಚು. ಒಂದೊಂದು ಪರೀಕ್ಷೆಯ ಹಾಳೆ ಒಂದೊಂದು ವಿನ್ಯಾಸದಲ್ಲಿ ಇರುವುದರಿಂದ ಅಚ್ಚನ್ನು ಪರೀಕ್ಷೆ ನಡೆಸುವವರೇ ಮುದ್ರಣದ ಅಳತೆಗೆ ಸರಿಯಾಗಿ ಮಾಡಿಸಬೇಕು; ಹೊಂದಿಸಲು ಮೂಲೆಯಲ್ಲೊಂದು ಕತ್ತರಿ ಗುರುತು ಸಾಕು. ಒಮ್ಮೆ ತುಂಬಿದ ವೃತ್ತವನ್ನು ಬೆರಳು ಮತ್ತೆ ಓದಲಾರದು ಎಂಬ ತೊಡಕು ಉಳಿದೇ ಇದೆ. ತುಂಬಿದ ಸಾಲಿನ ಮುಚ್ಚಳ ಮುಚ್ಚುತ್ತಾ ಹೋಗುವಂತೆ ಮಾಡಿದರೆ ಯಾವ ಪ್ರಶ್ನೆ ಮುಗಿಯಿತು ಎಂಬುದಾದರೂ ನೆನಪಿರುತ್ತದೆ.

ರಟ್ಟು, ಕತ್ತರಿ, ಅಂಟು ಸಾಕಾಗುವ ಈ ಕೆಲಸ ವಿಜ್ಞಾನ ಪ್ರದರ್ಶನಕ್ಕೆ ವಿಷಯ ಹುಡುಕುವ ಮಕ್ಕಳಿಗೆ ಒಳ್ಳೆಯ ಸವಾಲು. ಜ್ವಾಲಾಮುಖಿಯ ಮಾದರಿ ಪ್ರತಿ ವರ್ಷ ಇದ್ದೇ ಇರುತ್ತದೆ. ಈ ಬಾರಿ ಜಯನಗರ, ಬನಶಂಕರಿಯ ಯಾವುದಾದರೂ ಶಾಲೆಯ ಮಕ್ಕಳು ಒಎಂಆರ್ ಹಾಳೆಗೊಂದು ಅಚ್ಚು ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಾವೇ ಇಪ್ಪತ್ತು ಪ್ರಶ್ನೆ ಗುರುತಿಸಿ ನೋಡಲಿ. ಆಮೇಲೆ ಅದನ್ನು ಅಂಧ ವಿದ್ಯಾರ್ಥಿಯೊಬ್ಬರ ಕೈಗೆ ಕೊಟ್ಟು, ಎಲ್ಲಿ ತೊಡಕಾಯಿತು ಎಂದು ಕೇಳಲಿ. ತಿದ್ದುಪಡಿ ಶುರುವಾಗಬೇಕಾದದ್ದು ಅಲ್ಲಿಂದ.